ಹಡಗಿಗೂ ಒಂದು ಊರು: ತವರು ಬಂದರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದೆ. ಹುಟ್ಟಿದ್ದು ಗಂಗೊಳ್ಳಿ ಕಡೆ, ಈಗ ಮನೆ ಬಸವೇಶ್ವರನಗರದಲ್ಲಿ. ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ಹೆಚ್ಚುಕಡಿಮೆ ಮುನ್ನೂರೈವತ್ತು ಕಿಲೋಮೀಟರ್. ಹಾಗಿದ್ದರೂ ಈ ಊರಿನ ಎಷ್ಟೋ ಮನೆಗಳಿಂದ ಮಕ್ಕಳು ಮರ್ಚೆಂಟ್ ನೇವಿಗೆ ಹೋಗಿದ್ದಾರೆ. ಅವರ ಅಪ್ಪ ಅಮ್ಮಂದಿರು ನನ್ನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ‘ಮಗ ಹತ್ತಿದ ಹಡಗಿನ ಮೇಲೆ ಯಾವುದೋ ಕೇಳರಿಯದ ಊರಿನ ಹೆಸರಿದೆ, ಏನದು?’ ಅವರಿಗೆಂದೇ ಇದನ್ನು ಬರೆದಿದ್ದೇನೆ.

ಹಡಗಿನ ಹಿಂಬದಿಯಲ್ಲಿ, ಅದರ ಹೆಸರಿನ ಕೆಳಗೆ ಬರೆದಿರುವ ಊರು ಯಾವುದು?

ಆ ಹಡಗು ನೋಂದಣಿಯಾದ ಬಂದರು. ಹಡಗಿನ ಹೆಸರು ಮುಂಬದಿಯ ಎರಡೂ ಪಕ್ಕದಲ್ಲಿರುತ್ತದೆ. ಹಿಂಬದಿಯಲ್ಲಿ ಹೆಸರಿನ ಜೊತೆಗೆ ನೋಂದಣಿ ಬಂದರಿನ ಹೆಸರೂ ಇರಲೇಬೇಕು. ನಮ್ಮ ದೇಶದ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ಅಕ್ಷರದ ಗಾತ್ರವನ್ನೂ ಬಣ್ಣವನ್ನೂ ಹೇಳಿತ್ತು: ಕಡು ಬಣ್ಣದ ಮೇಲಾದರೆ ಬಿಳಿ ಇಲ್ಲವೇ ಹಳದಿ, ತಿಳಿ ಬಣ್ಣದ ಮೇಲಾದರೆ ಕಪ್ಪು, ಎತ್ತರ ಹತ್ತು ಸೆಂಟಿಮೀಟರ್‌ಗೆ ಕಡಿಮೆ ಇರಬಾರದು. ನೋಂದಣಿ ಬಂದರುಗಳೆಂದು ಅದೇ ಕಾಯ್ದೆ ಹೆಸರಿಸಿದ್ದು ಮುಂಬೈ, ಕೋಲ್ಕತ್ತ ಮತ್ತು ಚೆನ್ನೈ. ಬೇರೆ ಬಂದರುಗಳನ್ನು ಸೇರಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. 2025ರಲ್ಲಿ ಸಂಸತ್ತು ಆ ಹಳೆಯ ಕಾಯ್ದೆಯ ಬದಲಿಗೆ ಹೊಸದನ್ನು ಅಂಗೀಕರಿಸಿದೆ. ಬಾವುಟ ಹಾರಿಸುವ ಮೊದಲು ನೋಂದಣಿ ಎಂಬ ಮೂಲ ಕ್ರಮ ಅಲ್ಲಿಯೂ ಹಾಗೆಯೇ ಇದೆ.

ಅಂದರೆ ಆ ಹಡಗು ಆಗಾಗ ಆ ಊರಿಗೆ ಹೋಗಿ ಬರುತ್ತದೆಯೇ?

ಹೋಗಬೇಕೆಂದೇನೂ ಇಲ್ಲ. ನಾನು ದುಡಿದ ನಾಲ್ಕು ಹಡಗುಗಳ ಬೆನ್ನಿನ ಮೇಲೆ ‘ಮನ್ರೋವಿಯಾ’ ಎಂದು ಬರೆದಿತ್ತು. ಅದು ಪಶ್ಚಿಮ ಆಫ್ರಿಕಾದ ಲೈಬೀರಿಯಾದ ರಾಜಧಾನಿ. ನಾಲ್ಕರಲ್ಲಿ ಒಂದೂ ನನ್ನ ಕಾಲದಲ್ಲಿ ಆ ಬಂದರಿಗೆ ಹೋಗಲಿಲ್ಲ. ಅಮ್ಮ ಫೋನಿನಲ್ಲಿ ‘ನಿನ್ ಹಡ್ಗಿನ್ ಊರ್ ಯಾವ್ದ್ ಮಗಾ?’ ಎಂದು ಕೇಳಿದಾಗ ಆ ಹೆಸರು ಹೇಳಿದೆ. ‘ಅಲ್ಲಿ ಊಟ ಹೇಗಿದೆ?’ ಎಂದರು. ಆ ಊರನ್ನು ನಾನೇ ಕಂಡಿಲ್ಲ ಎಂದು ತಿಳಿಸಿ ಹೇಳಲು ಎರಡು ಫೋನ್ ಕಾಲ್ ಬೇಕಾಯಿತು.

ಇದು ಇಂದು ನಿನ್ನೆಯ ಮಾತಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಹಿಂಬದಿಯಲ್ಲಿ ಇದ್ದದ್ದು ‘ಲಿವರ್‌ಪೂಲ್’. ಅದನ್ನು ಕಟ್ಟಿದ್ದು ಬೆಲ್‌ಫಾಸ್ಟ್‌ನಲ್ಲಿ, ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟದ್ದು ಸೌತಾಂಪ್ಟನ್‌ನಿಂದ. ಲಿವರ್‌ಪೂಲ್ ಬಂದರನ್ನು ಅದು ಒಂದು ಸಲವೂ ಕಾಣಲಿಲ್ಲ.

ಹಾಗಾದರೆ ‘ತವರು ಬಂದರು’ ಎಂದರೆ ಯಾವುದು?

ಈ ಮಾತನ್ನು ಜನ ಎರಡು ಅರ್ಥದಲ್ಲಿ ಬಳಸುತ್ತಾರೆ. ಗೊಂದಲವೆಲ್ಲ ಹುಟ್ಟುವುದು ಅಲ್ಲೇ.

ಒಂದು, ಕಾಗದದ ತವರು. ಅದೇ ಮೇಲೆ ಹೇಳಿದ ನೋಂದಣಿ ಬಂದರು. ಹಡಗಿನ ದಾಖಲೆ ಯಾವ ದೇಶದ ಪುಸ್ತಕದಲ್ಲಿದೆ, ಯಾವ ದೇಶದ ಕಾನೂನು ಆ ಹಡಗಿನ ಒಳಗೆ ನಡೆಯುತ್ತದೆ ಎಂಬುದನ್ನು ಅದು ಹೇಳುತ್ತದೆ.

ಇನ್ನೊಂದು, ನೆಲೆಯ ತವರು. ಹಡಗು ಎಲ್ಲಿಂದ ಹೊರಟು ಎಲ್ಲಿಗೆ ಮರಳುತ್ತದೆ, ಎಲ್ಲಿ ರಿಪೇರಿ ಮಾಡಿಸಿಕೊಳ್ಳುತ್ತದೆ, ಅದರ ಜನರ ಸಂಸಾರ ಎಲ್ಲಿದೆ, ಆ ಊರು. ಮೀನಿನ ಬೋಟಿಗೆ, ಯುದ್ಧನೌಕೆಗೆ, ಒಂದೇ ದಾರಿಯಲ್ಲಿ ಓಡಾಡುವ ಪ್ರಯಾಣಿಕ ಹಡಗಿಗೆ ಇಂಥ ತವರು ಇರುತ್ತದೆ. ಸಿಕ್ಕ ಸರಕು ಹಿಡಿದು ಬಂದರಿನಿಂದ ಬಂದರಿಗೆ ಹೋಗುವ ದೊಡ್ಡ ಬಲ್ಕ್ ಹಡಗಿಗೆ ಇರುವುದಿಲ್ಲ.

ಕನ್ನಡದ ‘ತವರು’ ಎಂಬ ಪದ ಇಲ್ಲಿ ಬಹಳ ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಅನಿಸುತ್ತದೆ. ತವರು ಎಂದರೆ ಬರೀ ಹುಟ್ಟಿದ ಮನೆಯಲ್ಲ. ಕಷ್ಟ ಬಂದಾಗ ‘ಏನಾಯಿತು’ ಎಂದು ಕೇಳಿ ಎದ್ದು ಬರುವ ಜನ ಇರುವ ಮನೆ. ಹಡಗಿನ ನೋಂದಣಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೂ ಇದೇ: ಏನಾದರೂ ಆದರೆ ಆ ಊರಿನವರು ಎದ್ದು ಬರುತ್ತಾರೆಯೇ?

ಇದು ನಮ್ಮ ಗಾಡಿಗಳ ನಂಬರ್ ಪ್ಲೇಟ್ ಇದ್ದ ಹಾಗೆಯೇ?

ಹೌದು. ಬೆಂಗಳೂರಿನವರಿಗೆ ಇದನ್ನು ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಕೆಎ-20 ಎಂದರೆ ಉಡುಪಿ, ಕೆಎ-05 ಎಂದರೆ ಜಯನಗರ. ಕೆಎ-20 ಕಾರು ವರ್ಷವಿಡೀ ಮಾರತಹಳ್ಳಿಯಲ್ಲೇ ಇರಬಹುದು, ಆದರೂ ಅದರ ಕಾಗದ ಉಡುಪಿಯದೇ.

ಈಗ ರಾತ್ರಿ ಒಂಬತ್ತಕ್ಕೆ ಆನಂದರಾವ್ ಸರ್ಕಲ್ಲಿಗೆ ಹೋಗಿ ನಿಲ್ಲಿ. ಸ್ಲೀಪರ್ ಬಸ್ಸುಗಳ ಹಿಂದೆ ಎನ್‌ಎಲ್-01 ಎಂದು ಬರೆದಿರುವುದನ್ನು ನೋಡುತ್ತೀರಿ. ಅದು ನಾಗಾಲ್ಯಾಂಡ್. ಮಾಲೀಕರು ದಕ್ಷಿಣದವರು, ಡ್ರೈವರ್ ನಮ್ಮವರು, ಓಡುವುದು ಬೆಂಗಳೂರಿನಿಂದ ಹೈದರಾಬಾದಿಗೋ ಗೋವೆಗೋ. ಕೊಹಿಮಾದ ರಸ್ತೆಯನ್ನು ಆ ಬಸ್ಸು ಕಂಡಿರುವುದಿಲ್ಲ. ತೆರಿಗೆಯೂ ನಿಯಮವೂ ಅಲ್ಲಿ ಹಗುರ ಎಂದು ಅಲ್ಲಿ ನೋಂದಣಿ ಮಾಡಿಸಿರುತ್ತಾರೆ. ಪುದುಚೇರಿ ನಂಬರಿನ ದುಬಾರಿ ಕಾರುಗಳ ಕಥೆಯೂ ಅದೇ.

ಕಡಲಿನಲ್ಲಿ ಇದನ್ನು ‘ಅನುಕೂಲದ ಬಾವುಟ’ ಎನ್ನುತ್ತಾರೆ. ಯಾವ ದೇಶದ ಮಾಲೀಕರಾದರೂ ಬಂದು ಹಡಗು ನೋಂದಾಯಿಸಲು ಬಿಡುವ ದೇಶಗಳಿವೆ. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು ಇವುಗಳಲ್ಲಿ ದೊಡ್ಡವು. ಆದ್ದರಿಂದಲೇ ಲೋಕದ ದೊಡ್ಡ ಹಡಗುಗಳ ಬೆನ್ನಿನಲ್ಲಿ ಪನಾಮಾ, ಮನ್ರೋವಿಯಾ, ಮಜುರೊ ಎಂಬ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಲೈಬೀರಿಯಾದ ಹಡಗು ನೋಂದಣಿ ಶುರುವಾದದ್ದು 1948ರಲ್ಲಿ. ಅದರ ಕಚೇರಿ ನಡೆಯುವುದು ಅಮೆರಿಕದ ವರ್ಜೀನಿಯಾದಿಂದ. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟವಾದ ಐಟಿಎಫ್ ಈ ಪದ್ಧತಿಯ ವಿರುದ್ಧ ಹೋರಾಟ ಹೂಡಿದ್ದೂ ಅದೇ 1948ರಲ್ಲಿ.

ನಂಬರ್ ಪ್ಲೇಟಿನ ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ. ನಾಗಾಲ್ಯಾಂಡ್ ನಂಬರಿನ ಬಸ್ಸು ತುಮಕೂರಿನ ಹತ್ತಿರ ಪಲ್ಟಿಯಾದರೆ ಬರುವುದು ತುಮಕೂರಿನ ಪೊಲೀಸರು. ನಡುಗಡಲಿನಲ್ಲಿ ತುಮಕೂರು ಇಲ್ಲ.

ನಡುಗಡಲಿನಲ್ಲಿ ಏನಾದರೂ ಆದರೆ ಯಾರ ಕಾನೂನು?

ಬಾವುಟದ ದೇಶದ್ದು. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದ 91ನೇ ವಿಧಿ, ಹಡಗು ಯಾವ ದೇಶದ ಬಾವುಟ ಹಾರಿಸಲು ಹಕ್ಕು ಪಡೆದಿದೆಯೋ ಆ ದೇಶದ ಪ್ರಜೆ ಎನ್ನುತ್ತದೆ. ದೇಶಕ್ಕೂ ಹಡಗಿಗೂ ‘ನಿಜವಾದ ನಂಟು’ ಇರಬೇಕು ಎಂದೂ ಸೇರಿಸುತ್ತದೆ. ನಂಟು ಎಂದರೇನು ಎಂದು ಬಿಡಿಸಿ ಹೇಳಿಲ್ಲ. ಅನುಕೂಲದ ಬಾವುಟಗಳೆಲ್ಲ ಹಾರುತ್ತಿರುವುದು ಆ ಸಂದಿಯಲ್ಲಿ. 92ನೇ ವಿಧಿಯಂತೆ ಒಂದು ಹಡಗಿಗೆ ಒಂದೇ ಬಾವುಟ. 94ನೇ ವಿಧಿ ಬಾವುಟದ ದೇಶದ ಹೊಣೆಗಳನ್ನು ಪಟ್ಟಿ ಮಾಡುತ್ತದೆ: ಹಡಗು ಗಟ್ಟಿಯಾಗಿದೆಯೇ, ಸಿಬ್ಬಂದಿಗೆ ತರಬೇತಿ ಇದೆಯೇ, ಅಪಘಾತವಾದರೆ ತನಿಖೆ ಹೇಗೆ.

ಇದು ನಮ್ಮ ಬಾಗಿಲಿಗೇ ಬಂದದ್ದು 2012ರಲ್ಲಿ. ಆ ವರ್ಷ ಫೆಬ್ರವರಿ 15ರಂದು ಕೇರಳದ ತೀರದಾಚೆ ಇಟಲಿ ಬಾವುಟದ ‘ಎನ್ರಿಕಾ ಲೆಕ್ಸಿ’ ಎಂಬ ತೈಲ ಹಡಗಿನಲ್ಲಿದ್ದ ಇಟಲಿಯ ನೌಕಾ ಯೋಧರು ಹಾರಿಸಿದ ಗುಂಡಿಗೆ ‘ಸೇಂಟ್ ಆಂಟನಿ’ ಬೋಟಿನ ಇಬ್ಬರು ಮೀನುಗಾರರು ಸತ್ತರು. ಸತ್ತವರು ಭಾರತದವರು, ಬೋಟು ಭಾರತದ್ದು, ಬಂಧಿಸಿದ್ದೂ ಭಾರತ. ಆದರೂ ವಿಚಾರಣೆ ಯಾರದೆಂಬ ಜಗಳ ವರ್ಷಗಟ್ಟಲೆ ಎಳೆಯಿತು. 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯಿತಿಯು ಆ ಯೋಧರಿಗೆ ಸರ್ಕಾರಿ ರಕ್ಷಣೆ ಇದೆ, ವಿಚಾರಣೆ ಇಟಲಿ ನಡೆಸಲಿ, ಭಾರತಕ್ಕೆ ಪರಿಹಾರ ಕೊಡಲಿ ಎಂದಿತು. 10 ಕೋಟಿ ರೂಪಾಯಿ ಠೇವಣಿಯಾದ ಮೇಲೆ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಮೊಕದ್ದಮೆಯನ್ನು ಮುಗಿಸಿತು. ಬೋಟಿನಲ್ಲಿ ಮೀನು ಹಿಡಿಯುತ್ತಿದ್ದ ಇಬ್ಬರ ಮನೆಯವರು ಒಂಬತ್ತು ವರ್ಷ ಕಾದರು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಚೆಗೆ ಕೇರಳದ ಹತ್ತಿರ ಮುಳುಗಿದ, ಬೆಂಕಿ ಬಿದ್ದ ಹಡಗುಗಳು ಯಾವ ದೇಶದವು?

2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಲೈಬೀರಿಯಾ ಬಾವುಟದ್ದು. ಅದರಲ್ಲಿದ್ದ 24 ಮಂದಿಯೂ ಬದುಕಿದರು. ಜೂನ್ 9ರಂದು ಬೆಂಕಿ ಬಿದ್ದ ‘ವಾನ್ ಹೈ 503’ ಸಿಂಗಪುರದಲ್ಲಿ ನೋಂದಣಿಯಾದದ್ದು, ಮಾಲೀಕರು ತೈವಾನಿನವರು. ಅದರ 22 ಮಂದಿಯಲ್ಲಿ 18 ಮಂದಿಯನ್ನು ಕಾಪಾಡಿ ಕರೆತಂದದ್ದು ನಮ್ಮ ಮಂಗಳೂರಿಗೆ. ಕಾಗದದ ತವರು ಎಲ್ಲೇ ಇರಲಿ, ಮೊದಲು ಕೈ ಚಾಚುವುದು ಹತ್ತಿರದ ತೀರ. ಎಣ್ಣೆ ತೇಲಿ ಬರುವುದೂ ಅದೇ ತೀರಕ್ಕೆ.

ಒಂದೇ ಹಡಗಿಗೆ ಎಷ್ಟು ದೇಶಗಳ ನಂಟಿರಬಹುದು?

2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೇತುವೆಗೆ ಬಡಿದ ‘ಡಾಲಿ’ ಹಡಗನ್ನೇ ತೆಗೆದುಕೊಳ್ಳಿ. ಕಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ, ಬಾವುಟ ಸಿಂಗಪುರದ್ದು, ಬಾಡಿಗೆಗೆ ಹಿಡಿದದ್ದು ಡೆನ್ಮಾರ್ಕಿನ ಕಂಪನಿ, ಹೊರಟದ್ದು ಶ್ರೀಲಂಕಾ ಕಡೆಗೆ, ಸಿಬ್ಬಂದಿಯಲ್ಲಿ ಒಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಆ ಹುಡುಗರು ತಿಂಗಳುಗಟ್ಟಲೆ ಹಡಗಿನಿಂದ ಇಳಿಯಲಾಗದೆ ಅಲ್ಲೇ ಉಳಿದರು.

ಕಡಲೇ ಇಲ್ಲದ ಊರು ತವರು ಬಂದರು ಆಗಬಹುದೇ? ಬೆಂಗಳೂರು ಆಗಬಹುದೇ?

ಮೊದಲ ಪ್ರಶ್ನೆಗೆ ಉತ್ತರ: ಆಗಬಹುದು, ಆಗಿದೆ. ಕಡಲತೀರವಿಲ್ಲದ ದೇಶಗಳ ಬಾವುಟವನ್ನೂ ಮಾನ್ಯ ಮಾಡುತ್ತೇವೆ ಎಂದು ದೇಶಗಳು ಒಪ್ಪಿದ್ದು 1921ರ ಬಾರ್ಸಿಲೋನಾ ಘೋಷಣೆಯಲ್ಲಿ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಸ್ವಿಟ್ಜರ್ಲೆಂಡ್ ತನ್ನದೇ ಬಾವುಟದಡಿ ಹಡಗುಗಳನ್ನು ಕಡಲಿಗಿಳಿಸಿತು. ಸುತ್ತ ಯುದ್ಧ ನಡೆಯುವಾಗ ಆಹಾರ ತರಿಸಿಕೊಳ್ಳುವುದಕ್ಕೆ ಅದಕ್ಕೆ ಬೇರೆ ದಾರಿ ಇರಲಿಲ್ಲ. ಆ ದೇಶದ ಸಾಗರ ಹಡಗುಗಳ ಬೆನ್ನಿನಲ್ಲಿ ಬರೆಯುವುದು ‘ಬಾಸೆಲ್’. ರೈನ್ ನದಿಯ ದಂಡೆಯ ಊರು ಅದು. ನದಿ ದೋಣಿಗಳು ಬರುತ್ತವೆ, ಸಾಗರದ ದೊಡ್ಡ ಹಡಗು ಬರಲಾಗದು. ಮಂಗೋಲಿಯಾ ಇನ್ನೂ ಮುಂದೆ ಹೋಗಿ 2003ರಲ್ಲಿ ಸಿಂಗಪುರದಲ್ಲಿ ಕಚೇರಿ ತೆರೆದು ಹಡಗು ನೋಂದಾಯಿಸತೊಡಗಿತು. ಹುಲ್ಲುಗಾವಲ ನಡುವಿನ ಉಲಾನ್‌ಬಾತರ್ ಹೀಗೆ ಹಡಗುಗಳ ಊರಾಯಿತು.

ಬೆಂಗಳೂರಿನ ಹೆಸರು ಹಡಗಿನ ಬೆನ್ನಿನ ಮೇಲೆ ಬರಬೇಕಾದರೆ ಕೇಂದ್ರ ಸರ್ಕಾರ ಈ ಊರನ್ನು ನೋಂದಣಿ ಬಂದರೆಂದು ಸಾರಬೇಕು. ಮುಂಬೈ, ಚೆನ್ನೈ ಇರುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಇಲ್ಲಿ ಬಂದರಿನ ಕೆಲಸ ನಡೆಯುತ್ತಿಲ್ಲ ಎಂದುಕೊಳ್ಳಬೇಡಿ. ವೈಟ್‌ಫೀಲ್ಡಿನ ಕಂಟೈನರ್ ಡಿಪೋಗೆ ಹೋಗಿ ನೋಡಿ. ಅಲ್ಲೇ ಕಸ್ಟಮ್ಸ್ ತಪಾಸಣೆ, ಅಲ್ಲೇ ಸೀಲು, ಆಮೇಲೆ ಪೆಟ್ಟಿಗೆಗಳು ರೈಲು ಹತ್ತಿ ಚೆನ್ನೈಗೆ. ಒಣ ಬಂದರು ಎಂದು ಕರೆಯುವುದು ಅದನ್ನೇ. ಐಟಿ ಕಂಪನಿಗೆ ಹೋಗುವ ದಾರಿಯಲ್ಲಿ ದಿನವೂ ಅದರ ಪಕ್ಕದಲ್ಲೇ ಹಾದುಹೋಗುವ ಎಷ್ಟೋ ಜನರಿಗೆ ಅದು ಏನೆಂದು ಗೊತ್ತಿಲ್ಲ.

ಯುದ್ಧನೌಕೆಗಳ ಮೇಲೆ ಊರಿನ ಹೆಸರು ಯಾಕೆ ಇರುವುದಿಲ್ಲ?

ಅವು ವ್ಯಾಪಾರಿ ಹಡಗುಗಳ ಪುಸ್ತಕದಲ್ಲಿ ನೋಂದಣಿಯಾಗುವುದಿಲ್ಲ, ನೇರವಾಗಿ ದೇಶದ ಸೊತ್ತು. ಅವಕ್ಕಿರುವುದು ನೆಲೆಯ ತವರು. ವಿಮಾನವಾಹಕ ನೌಕೆ ‘ಐಎನ್‌ಎಸ್ ವಿಕ್ರಮಾದಿತ್ಯ’ದ ನೆಲೆ ನಮ್ಮ ಕಾರವಾರ. ಅಲ್ಲಿನ ‘ಐಎನ್‌ಎಸ್ ಕದಂಬ’ ನೆಲೆ 2005ರಲ್ಲಿ ಸೇವೆಗೆ ಸೇರಿತು. ಬನವಾಸಿಯ ಕದಂಬರ ಹೆಸರು ಕಡಲ ಪಡೆಯ ನೆಲೆಗೆ ಬಂದದ್ದು ನನಗೆ ಬಹಳ ಹೆಮ್ಮೆಯ ವಿಷಯ. ಊರಿನ ಹೆಸರು ಇನ್ನೊಂದು ಬಗೆಯಲ್ಲೂ ಬರುತ್ತದೆ: 1999ರಲ್ಲಿ ಸೇವೆಗೆ ಸೇರಿದ ‘ಐಎನ್‌ಎಸ್ ಮೈಸೂರು’ ಲಾಂಛನದಲ್ಲಿ ಗಂಡಭೇರುಂಡವಿದೆ. ಮೈಸೂರಿಗೆ ಕಡಲಿಲ್ಲ, ಕಡಲಿನಲ್ಲಿ ಮೈಸೂರಿದೆ.

ಮಲ್ಪೆಯ ಮೀನಿನ ಬೋಟಿಗೂ ಇದೆಲ್ಲ ಇದೆಯೇ?

ಇದೆ, ಬೇರೆ ರೂಪದಲ್ಲಿ. ನಮ್ಮ ಮೀನುಗಾರಿಕೆ ಬೋಟುಗಳ ಮೇಲೆ ‘ಐಎನ್‌ಡಿ-ಕೆಎ’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಆದರೆ ಬೋಟಿಗೆ ಕಾಗದದ ತವರೂ ನೆಲೆಯ ತವರೂ ಹೆಚ್ಚಾಗಿ ಒಂದೇ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಮಳೆಗಾಲದಲ್ಲಿ ಮಲ್ಪೆಗೋ ಗಂಗೊಳ್ಳಿಗೋ ಹೋದರೆ ಧಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ತವರು ಬಂದರು ಎಂದರೆ ಏನೆಂದು ನಾನು ಮೊದಲು ಕಲಿತದ್ದು ಅಲ್ಲಿ, ಹೆಸರು ಗೊತ್ತಾಗುವ ಎಷ್ಟೋ ಮೊದಲು.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಂದಿಗೆ ಕಾಣೆಯಾಯಿತು. ಕರಾವಳಿಯ ಮೀನುಗಾರರು ಬೀದಿಗಿಳಿದು ಹುಡುಕಿಸಿ ಎಂದು ಒತ್ತಾಯಿಸಿದರು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣ್ ಆಚೆ ಬೋಟಿನ ಅವಶೇಷ ಸಿಕ್ಕಿತು. ಆ ಐದು ತಿಂಗಳು ಅದನ್ನು ಮರೆಯಲು ಬಿಡದೆ ಕೇಳುತ್ತಲೇ ಇದ್ದದ್ದು ಅದರ ಊರು.

ಹಡಗಿನ ಮೇಲಿನ ಊರನ್ನು ಬದಲಿಸಬಹುದೇ?

ಬದಲಿಸುತ್ತಲೇ ಇರುತ್ತಾರೆ. ಹಳೆಯ ದೇಶದ ಪುಸ್ತಕದಿಂದ ಹೆಸರು ತೆಗೆಸಿ, ಹೊಸ ದೇಶದಲ್ಲಿ ನೋಂದಾಯಿಸಿ, ಹಿಂಬದಿಗೆ ಬಣ್ಣ ಬಳಿದು ಹೊಸ ಊರು ಬರೆದರೆ ಆಯಿತು. ‘ಕ್ವೀನ್ ಮೇರಿ 2’ ಎಂಬ ದೊಡ್ಡ ಪ್ರಯಾಣಿಕ ಹಡಗು 2011ರಲ್ಲಿ ಸೌತಾಂಪ್ಟನ್ ಹೆಸರು ಅಳಿಸಿ ಬರ್ಮುಡಾದ ‘ಹ್ಯಾಮಿಲ್ಟನ್’ ಬರೆಸಿಕೊಂಡಿತು. ಅದಕ್ಕೆ ಕಂಪನಿ ಹೇಳಿದ ಕಾರಣಗಳಲ್ಲಿ ಒಂದು ಮದುವೆ. ಬ್ರಿಟನ್ನಿನ ನೋಂದಣಿ ಇದ್ದಾಗ ಕಡಲ ಮೇಲೆ ಕ್ಯಾಪ್ಟನ್ ಮದುವೆ ಮಾಡಿಸುವಂತಿರಲಿಲ್ಲ, ಬರ್ಮುಡಾದ ಕಾನೂನಿನಲ್ಲಿ ಆಗುತ್ತದೆ.

ಹೆಸರು, ಬಾವುಟ, ಊರು ಎಲ್ಲ ಬದಲಾದರೂ ಬದಲಾಗದ್ದು ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ. ಏಳು ಅಂಕಿ, ಹಡಗು ಗುಜರಿಗೆ ಹೋಗುವವರೆಗೂ ಅದೇ. ಅದು ಸರಿಯಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಮೊದಲ ಆರು ಅಂಕಿಗಳನ್ನು ಅನುಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ ಏಳನೇ ಅಂಕಿಯೇ ಆಗಿರಬೇಕು. ಡಾಲಿಯ ಸಂಖ್ಯೆ 9697428. 63, 36, 45, 28, 12, 4 ಕೂಡಿಸಿದರೆ 188, ಕೊನೆಗೆ 8. ಏಜೆಂಟ್ ಕೊಟ್ಟ ಸಂಖ್ಯೆ ಈ ಲೆಕ್ಕಕ್ಕೆ ಕೂಡದಿದ್ದರೆ ಅಲ್ಲೇ ನಿಲ್ಲಿ.

ಹಡಗಿನಲ್ಲಿ ಹುಟ್ಟಿದ ಮಗುವಿನ ಊರು ಯಾವುದು?

ನಮ್ಮ 1955ರ ಪೌರತ್ವ ಕಾಯ್ದೆಯ ಪ್ರಕಾರ, ನೋಂದಣಿಯಾದ ಹಡಗಿನಲ್ಲಿ ಹುಟ್ಟಿದವರು ಆ ಹಡಗು ನೋಂದಣಿಯಾದ ಸ್ಥಳದಲ್ಲೇ ಹುಟ್ಟಿದವರೆಂದು ಲೆಕ್ಕ. ಮುಂಬೈ ಎಂದು ಬರೆದ ಹಡಗಿನಲ್ಲಿ ಅಟ್ಲಾಂಟಿಕ್ ನಡುವೆ ಹುಟ್ಟಿದರೂ ಆ ಕಾಯ್ದೆಯ ಕಣ್ಣಿಗೆ ಅದು ಮುಂಬೈನಲ್ಲಿ ಹುಟ್ಟಿದ ಮಗು.

ಮಗನಿಗೆ ಲೈಬೀರಿಯಾ ಬಾವುಟದ ಹಡಗಿನಲ್ಲಿ ಕೆಲಸ ಸಿಕ್ಕಿದೆ. ಹೆದರಬೇಕೇ?

ಬಾವುಟದ ಹೆಸರು ಕೇಳಿಯೇ ಹೆದರಬೇಡಿ. ನಾವಿಕರ ಕೆಲಸದ ಹಕ್ಕುಗಳ 2006ರ ಒಪ್ಪಂದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿ ಒಪ್ಪಿಗೆ ಕೊಟ್ಟ ದೇಶ ಲೈಬೀರಿಯಾವೇ. ಭಾರತ ಒಪ್ಪಿದ್ದು 2015ರಲ್ಲಿ. ನಾನು ದುಡಿದ ಮನ್ರೋವಿಯಾದ ನಾಲ್ಕು ಹಡಗುಗಳಲ್ಲಿ ಮೂರರಲ್ಲಿ ಸಂಬಳ ತಾರೀಖಿಗೆ ಸರಿಯಾಗಿ ಬಂತು.

ಹೆದರಬೇಕಾದದ್ದು ಕೇಳಿದರೆ ಉತ್ತರ ಕೊಡದ ಬಾವುಟಕ್ಕೆ. ನಾಲ್ಕನೆಯ ಹಡಗಿನಲ್ಲಿ ಮೂರು ತಿಂಗಳು ಸಂಬಳ ಬರಲಿಲ್ಲ. ಕಂಪನಿ ಫೋನ್ ಎತ್ತುತ್ತಿರಲಿಲ್ಲ. ನಾವು ಬಾವುಟದ ಕಚೇರಿಗೂ ಐಟಿಎಫ್‌ಗೂ ಒಟ್ಟಿಗೆ ಬರೆದೆವು, ಉತ್ತರ ಬಂತು, ಮುಂದಿನ ಬಂದರಿನಲ್ಲಿ ತಪಾಸಣೆಗೆ ಜನ ಹತ್ತಿದರು, ಹಣ ಬಂತು. ಉತ್ತರವೇ ಬರದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತು, ಏಕೆಂದರೆ ಮಾಲೀಕರು ಕೈಬಿಟ್ಟ ಹಡಗಿನಲ್ಲಿ ನೀರಿಗೂ ಪರದಾಡಿದ ಹುಡುಗರೊಂದಿಗೆ ಮಾತಾಡಿದ್ದೇನೆ. ಅದೇ 2006ರ ಒಪ್ಪಂದಕ್ಕೆ ಆಮೇಲೆ ಸೇರಿದ ನಿಯಮದಂತೆ, ಕೈಬಿಟ್ಟ ನಾವಿಕರಿಗೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಮನೆಗೆ ಬರುವ ಖರ್ಚಿಗೆ ವಿಮೆ ಇರಲೇಬೇಕು. ಆ ವಿಮೆಯ ಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹತ್ತಿದ ಮೊದಲ ದಿನವೇ ಅದರ ಫೋಟೊ ತೆಗೆದು ಕಳಿಸಲು ಮಗನಿಗೆ ಹೇಳಿ.

ಇನ್ನು ಕೆಲವು ಹಡಗುಗಳು ಆ ದೇಶಕ್ಕೇ ತಿಳಿಯದಂತೆ ಅದರ ಬಾವುಟ ಹಾರಿಸುತ್ತವೆ. ಇವಕ್ಕೆ ತವರೇ ಇಲ್ಲ. ಸಂಬಳ ಎರಡು ಪಟ್ಟು ಎಂದರೂ ಅಂಥ ಹಡಗಿಗೆ ಮಗನನ್ನು ಕಳಿಸಬೇಡಿ.

ಹಡಗು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವಾಗ ಬಾವುಟ ತಿಳಿಯುತ್ತದೆಯೇ?

ತಿಳಿಯುತ್ತದೆ. ಅಲ್ಲಿ ಕಾಣುವ, ಹಡಗಿನ ರೇಡಿಯೊ ಗುರುತಾದ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು: 419 ಭಾರತ, 636 ಲೈಬೀರಿಯಾ, 538 ಮಾರ್ಷಲ್ ದ್ವೀಪಗಳು, 563 ಸಿಂಗಪುರ. ನಡುಗಡಲಿನಲ್ಲಿ ಹಡಗು ಕೆಲವು ದಿನ ಕಾಣದೇ ಹೋದರೆ ಗಾಬರಿ ಬೇಡ, ಸಿಗ್ನಲ್ ಹಿಡಿಯುವ ಕೇಂದ್ರ ದೂರ ಇರುತ್ತದೆ ಅಷ್ಟೇ.

ಮನೆಯಲ್ಲಿ ಏನೇನು ಬರೆದಿಟ್ಟುಕೊಳ್ಳಬೇಕು?

ಒಂದು ಹಾಳೆ ಸಾಕು. ಹಡಗಿನ ಹೆಸರು, ಐಎಂಒ ಸಂಖ್ಯೆ, ಬಾವುಟ, ಹಿಂಬದಿಯ ಊರು. ಕಳಿಸಿದ ಕಂಪನಿಯ ಹೆಸರು ಮತ್ತು ನಾವಿಕರನ್ನು ನೇಮಿಸಿ ಕಳಿಸಲು ಸರ್ಕಾರ ಅದಕ್ಕೆ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ. ಆ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಹಡಗು ಸಾರಿಗೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿಯಾದ ಮುಂಬೈನ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಬಹುದು. ಮಗನ ಸಿಡಿಸಿ (ನಾವಿಕನ ಸೇವಾ ದಾಖಲೆ ಪುಸ್ತಕ) ಮತ್ತು ಇಂಡೋಸ್ (ದೇಶದ ನಾವಿಕರ ಪಟ್ಟಿಯಲ್ಲಿನ ಗುರುತು) ಸಂಖ್ಯೆ. ಕಂಪನಿಯ ತುರ್ತು ಫೋನ್ ನಂಬರು, ಕರಾರಿನ ಒಂದು ನಕಲು. ಅವನು ಬೇರೆ ಹಡಗಿಗೆ ಹೋದಾಗಲೆಲ್ಲ ಹೊಸ ಹಾಳೆ ಬರೆಯಿರಿ, ಹಳೆಯದನ್ನು ಎಸೆಯಬೇಡಿ. ನಮ್ಮಮ್ಮ ಬರೆದಿಟ್ಟ ಹಾಳೆಗಳು ಈಗಲೂ ಕಬ್ಬಿಣದ ಬೀರುವಿನಲ್ಲಿವೆ. ಮೊದಲನೆಯದರಲ್ಲಿ ‘ಹಡಗಿನ ಊರು’ ಎಂಬುದರ ಮುಂದೆ ಪೆನ್ಸಿಲ್ಲಿನಲ್ಲಿ ‘ಮಂರೋವ್ಯ’ ಎಂದಿದೆ, ಪಕ್ಕದಲ್ಲಿ ‘ಇವನು ನೋಡಿಲ್ಲ’ ಎಂದು ಬರೆದಿದ್ದಾರೆ.